ಕಾಡಿನ ಬೆಟ್ಟಕ್ಕೆ ಒಂದು ದಿನದ ಚಾರಣ: ಸಿದ್ಧತೆಯಿಂದ ಮರಳುವವರೆಗೆ

ಮಳೆಗಾಲ ಮುಗಿಯುತ್ತಿದ್ದಂತೆ ಓದುಗರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಬೆಟ್ಟದಲ್ಲಿ ರಾತ್ರಿ ತಂಗದೆ ಬೆಳಿಗ್ಗೆ ಹತ್ತಿ ಸಂಜೆಯೊಳಗೆ ಇಳಿದುಬರಬಹುದಾದ ಜಾಗ ಯಾವುದು, ಅನುಮತಿ ಬೇಕೇ, ಚೀಲದಲ್ಲಿ ಏನಿರಬೇಕು, ಇಂಬಳ (ಕಾಡಿನ ಜಿಗಣೆ) ಕಚ್ಚಿದರೆ ಏನು ಮಾಡಬೇಕು? ಈ ಎಲ್ಲ ಪ್ರಶ್ನೆಗಳಿಗೂ ಒಟ್ಟಿಗೆ ಉತ್ತರ ಕೊಡುವ ಸಲುವಾಗಿ ಈ ಲೇಖನ. ಉದಾಹರಣೆಗೆ ಕೊಡಗಿನ ಅತಿ ಎತ್ತರದ ಬೆಟ್ಟವಾದ ತಡಿಯಂಡಮೋಳನ್ನು ಆಯ್ದುಕೊಂಡಿದ್ದೇನೆ. ಇಲ್ಲಿ ಹೇಳಿರುವ ಕ್ರಮ ಪಶ್ಚಿಮ ಘಟ್ಟದ ಉಳಿದ ಬೆಟ್ಟಗಳಿಗೂ ಹೊಂದುತ್ತದೆ.

ಒಂದು ಮಾತನ್ನು ಮೊದಲೇ ಹೇಳಬೇಕು. ಹೆಚ್ಚಿನವರು ಎಷ್ಟು ಹೊತ್ತಿಗೆ ತುದಿ ಮುಟ್ಟುತ್ತೇವೆ ಎಂಬುದನ್ನಷ್ಟೇ ಲೆಕ್ಕ ಹಾಕಿ ಹೊರಡುತ್ತಾರೆ. ಆದರೆ ಕಾಡಿನ ಬೆಟ್ಟಗಳಲ್ಲಿ ತೊಂದರೆಗಳು ಬಹುಪಾಲು ಇಳಿಯುವಾಗ, ಕಾಲು ಸೋತು ಬೆಳಕು ಕಡಿಮೆಯಾಗುವ ಹೊತ್ತಿನಲ್ಲಿ ಎದುರಾಗುತ್ತವೆ. ಆದ್ದರಿಂದ ಇಡೀ ದಿನವನ್ನು ಕತ್ತಲಾಗುವ ಹೊತ್ತಿನಿಂದ ಹಿಂದಕ್ಕೆ ಎಣಿಸುತ್ತ ಯೋಜಿಸಬೇಕು. ಮುಂದಿನ ಹಂತಗಳೆಲ್ಲ ಇದೇ ಎಣಿಕೆಯನ್ನು ಆಧರಿಸಿವೆ.

1. ಬೆಟ್ಟವನ್ನು ಆರಿಸುವುದು

ಬೆಟ್ಟದ ಎತ್ತರವನ್ನಷ್ಟೇ ನೋಡಿ ಅದು ಸುಲಭವೋ ಕಷ್ಟವೋ ಎಂದು ತೀರ್ಮಾನಿಸಬೇಡಿ. ಮುಳ್ಳಯ್ಯನಗಿರಿ 1930 ಮೀಟರ್ ಎತ್ತರವಿದ್ದು ಕರ್ನಾಟಕದಲ್ಲೇ ಅತಿ ಎತ್ತರದ ಬೆಟ್ಟ. ಆದರೂ ವಾಹನ ಬಹುಮಟ್ಟಿಗೆ ತುದಿಯ ಹತ್ತಿರದವರೆಗೂ ಹೋಗುವುದರಿಂದ ಮೆಟ್ಟಿಲು ಹತ್ತಿ ಮೇಲೆ ಹೋದವರು ಅರ್ಧ ದಿನದಲ್ಲಿ ಮರಳಬಹುದು. ಕುಮಾರ ಪರ್ವತ ಅದಕ್ಕಿಂತ ಸುಮಾರು 200 ಮೀಟರ್ ತಗ್ಗು, 1712 ಮೀಟರ್. ಆದರೆ ಕುಕ್ಕೆ ಸುಬ್ರಹ್ಮಣ್ಯ ಘಟ್ಟದ ಬುಡದಲ್ಲಿ, ಸಮುದ್ರಮಟ್ಟಕ್ಕೆ ಬಹಳ ಹತ್ತಿರದಲ್ಲಿರುವುದರಿಂದ ಆ ಕಡೆಯಿಂದ ಹೊರಟವರು ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಏರಬೇಕಾಗುತ್ತದೆ. ಅಭ್ಯಾಸವಿಲ್ಲದವರು ಅದನ್ನು ಒಂದೇ ದಿನದಲ್ಲಿ ಮುಗಿಸಲು ಹೋಗಬಾರದು.

ಹೀಗಾಗಿ ನೀವು ನೋಡಬೇಕಾದ್ದು ಎರಡು ಅಂಕಿಗಳನ್ನು. ಮೊದಲನೆಯದು ಹೋಗಿಬರುವ ಒಟ್ಟು ದೂರ. ಎರಡನೆಯದು ಏರಿಕೆ, ಅಂದರೆ ನಡಿಗೆ ಶುರುವಾಗುವ ಜಾಗದಿಂದ ತುದಿಯವರೆಗೆ ನೀವು ನಿಜವಾಗಿ ಮೇಲೇರುವ ಮೀಟರುಗಳು. ಮಧ್ಯಮ ಕಷ್ಟದ ಒಂದು ದಿನದ ಚಾರಣ ಎಂದರೆ ಒಟ್ಟು 10ರಿಂದ 16 ಕಿಲೋಮೀಟರ್ ದೂರ, 500ರಿಂದ 800 ಮೀಟರ್ ಏರಿಕೆ ಎಂದು ನಾನು ಲೆಕ್ಕ ಇಟ್ಟುಕೊಳ್ಳುತ್ತೇನೆ. ತಡಿಯಂಡಮೋಳ್ ಈ ಮಿತಿಯೊಳಗೆ ಬರುತ್ತದೆ. ಅದರ ಎತ್ತರ 1748 ಮೀಟರ್. ಕಕ್ಕಬ್ಬೆಯ ಬಳಿಯ ನಾಲ್ಕುನಾಡು ಅರಮನೆಯ ಕಡೆಯಿಂದ ಏರಿಕೆ ಸುಮಾರು 700 ಮೀಟರ್. ನೀವು ವಾಹನ ಬಿಟ್ಟು ಎಲ್ಲಿಂದ ನಡೆಯುತ್ತೀರಿ ಎಂಬುದನ್ನು ಅವಲಂಬಿಸಿ ಹೋಗಿಬರಲು 12ರಿಂದ 16 ಕಿಲೋಮೀಟರ್. ಕುದುರೆಮುಖ ಇದಕ್ಕಿಂತ ಉದ್ದದ ದಿನ. ಮೊದಲ ಬೆಟ್ಟಕ್ಕೇ ಅದನ್ನು ಆರಿಸುವುದು ಬೇಡ, ಎರಡನೆಯದಕ್ಕೋ ಮೂರನೆಯದಕ್ಕೋ ಇಟ್ಟುಕೊಳ್ಳಿ.

ಗುಂಪಿನಲ್ಲಿ ಮಕ್ಕಳು ಅಥವಾ ವಯಸ್ಸಾದವರು ಇದ್ದರೆ, ಅರ್ಧದಲ್ಲೇ ನಿಂತರೂ ತೃಪ್ತಿ ಕೊಡುವ ಬೆಟ್ಟವನ್ನೇ ಆರಿಸಿ. ತಡಿಯಂಡಮೋಳಿನ ಹಾದಿಯಲ್ಲಿ ಕಾಡು ದಾಟಿ ಹುಲ್ಲುಗಾವಲಿಗೆ ಬಂದೊಡನೆ ನೋಟ ತೆರೆದುಕೊಳ್ಳುತ್ತದೆ, ಕೊನೆಯ ಕಡಿದಾದ ಏರನ್ನು ಬಿಟ್ಟುಬಿಡುವವರಿಗೆ ಅಷ್ಟೇನೂ ನಷ್ಟವಿಲ್ಲ.

2. ಕಾಲ ಮತ್ತು ಅನುಮತಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮಳೆಯಲ್ಲಿ ಹಳ್ಳಗಳು ಒಂದೆರಡು ಗಂಟೆಯೊಳಗೆ ದಾಟಲಾಗದಷ್ಟು ಏರುತ್ತವೆ, ಅನೇಕ ಹಾದಿಗಳು ಮುಚ್ಚಿರುತ್ತವೆ. ಫೆಬ್ರುವರಿಯ ನಂತರ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ ಶುರುವಾಗುತ್ತದೆ. ಆಗಲೂ ಅರಣ್ಯ ಇಲಾಖೆ ಹಾದಿಗಳನ್ನು ಮುಚ್ಚುವುದುಂಟು. ಮೇಲಿನ ಹಳ್ಳಗಳೂ ಆ ಹೊತ್ತಿಗೆ ಬತ್ತುತ್ತವೆ. ಅಕ್ಟೋಬರ್ ಕೊನೆಯಿಂದ ಜನವರಿಯವರೆಗಿನ ಅವಧಿಯೇ ಎಲ್ಲಕ್ಕಿಂತ ಒಳ್ಳೆಯದು. ಅದರಲ್ಲೂ ಅಕ್ಟೋಬರ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವ ಸಂಭವ ಹೆಚ್ಚಿರುವುದರಿಂದ ಆ ತಿಂಗಳು ಹೋಗುವವರು ಮಧ್ಯಾಹ್ನಕ್ಕೆ ಮೊದಲೇ ತುದಿಯಿಂದ ಇಳಿದಿರಬೇಕು.

ಅನುಮತಿಯ ವಿಷಯದಲ್ಲಿ ಹಳೆಯ ಮಾಹಿತಿಯನ್ನು ನಂಬಿ ಹೋಗಿ ವಾಪಸಾಗುವವರು ಈಗಲೂ ಇದ್ದಾರೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದ ಹಾದಿಯಲ್ಲಿ ಜನ ಕಿಕ್ಕಿರಿದ ದೃಶ್ಯಗಳು ರಾಜ್ಯದೆಲ್ಲೆಡೆ ಚರ್ಚೆಯಾದ ಮೇಲೆ, ಅರಣ್ಯ ಇಲಾಖೆ ಚಾರಣಪಥಗಳಿಗೆ ದಿನದ ಮಿತಿಯನ್ನೂ ಆನ್‌ಲೈನ್ ಬುಕಿಂಗನ್ನೂ ಜಾರಿಗೆ ತಂದಿತು. ಇದಕ್ಕಾಗಿ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣವಿದೆ. ನಿಮ್ಮ ಬೆಟ್ಟ ಅಲ್ಲಿ ಪಟ್ಟಿಯಲ್ಲಿದೆಯೇ, ಆ ದಿನಕ್ಕೆ ತೆರೆದಿದೆಯೇ, ಶುಲ್ಕವೆಷ್ಟು, ಗೈಡ್ ಕಡ್ಡಾಯವೇ ಎಂಬ ನಾಲ್ಕು ವಿಷಯಗಳನ್ನು ಬಸ್ಸಿನ ಟಿಕೆಟ್ ಮಾಡಿಸುವ ಮೊದಲು ನೋಡಿಕೊಳ್ಳಿ. ಬುಕಿಂಗ್ ಮಾಡುವಾಗ ಕೊಟ್ಟ ಗುರುತಿನ ಚೀಟಿಯನ್ನೇ ಚಾರಣದ ದಿನವೂ ಒಯ್ಯಿರಿ. ನೆಟ್‌ವರ್ಕ್ ಸಿಗದ ಚೆಕ್‌ಪೋಸ್ಟ್‌ಗಳೇ ಹೆಚ್ಚು, ಹಾಗಾಗಿ ರಸೀದಿಯ ಒಂದು ಪ್ರತಿ ಕಾಗದದಲ್ಲಿರಲಿ. ಅನುಮತಿ ಸಿಗದಿದ್ದಾಗ ಎಸ್ಟೇಟಿನೊಳಗಿನ ಕಳ್ಳದಾರಿ ತೋರಿಸುತ್ತೇವೆ ಎನ್ನುವವರು ಸಿಗಬಹುದು. ಅವರ ಮಾತು ಕೇಳಬೇಡಿ: ಅದು ಅಪರಾಧವೂ ಹೌದು, ಜೊತೆಗೆ ಏನಾದರೂ ಆದರೆ ನೀವು ಆ ಕಾಡಿನಲ್ಲಿದ್ದೀರಿ ಎಂಬುದೇ ಯಾರಿಗೂ ತಿಳಿದಿರುವುದಿಲ್ಲ.

3. ಹೊತ್ತಿನ ಲೆಕ್ಕ

ನಡಿಗೆಯ ಹೊತ್ತನ್ನು ಅಂದಾಜು ಮಾಡಲು ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಒಂದು ಸೂತ್ರ ಈಗಲೂ ಬಳಕೆಯಲ್ಲಿದೆ: ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಮತ್ತೊಂದು ಗಂಟೆ. ಆ ವೇಗ ಅಭ್ಯಾಸವಿರುವ ಗಟ್ಟಿ ಕಾಲಿನವರದ್ದು. ನಮ್ಮ ಘಟ್ಟದ ಬೇರು, ಕಲ್ಲು, ಸೆಖೆಗಳ ನಡುವೆ ಸಾಮಾನ್ಯ ಗುಂಪೊಂದು ಗಂಟೆಗೆ 3 ಕಿಲೋಮೀಟರ್ ನಡೆಯುತ್ತದೆ ಎಂದಿಟ್ಟುಕೊಂಡು, ಪ್ರತಿ 300 ಮೀಟರ್ ಏರಿಕೆಗೆ ಅರ್ಧ ಗಂಟೆ ಸೇರಿಸುವುದು ಕ್ಷೇಮ.

ತಡಿಯಂಡಮೋಳಿಗೆ ಇದನ್ನು ಅನ್ವಯಿಸಿ ನೋಡೋಣ. ಒಂದು ಕಡೆಗೆ 7 ಕಿಲೋಮೀಟರ್ ಎಂದರೆ 2 ಗಂಟೆ 20 ನಿಮಿಷ. 700 ಮೀಟರ್ ಏರಿಕೆಗೆ 1 ಗಂಟೆ 10 ನಿಮಿಷ. ಒಟ್ಟು ಮೂರೂವರೆ ಗಂಟೆ. ನಿಂತು ನೀರು ಕುಡಿಯುವುದಕ್ಕೆ ಮುಕ್ಕಾಲು ಗಂಟೆ ಸೇರಿಸಿದರೆ ಹತ್ತಲು ನಾಲ್ಕೂಕಾಲು ಗಂಟೆ. ತುದಿಯಲ್ಲಿ ಮುಕ್ಕಾಲು ಗಂಟೆ, ಇಳಿಯಲು ಮೂರು ಗಂಟೆ. ಎಲ್ಲ ಸೇರಿ ಎಂಟು ಗಂಟೆ.

ಈಗ ಸಂಜೆಯಿಂದ ಹಿಂದಕ್ಕೆ ಎಣಿಸಿ. ಡಿಸೆಂಬರ್‌ನಲ್ಲಿ ಕೊಡಗಿನಲ್ಲಿ ಸಂಜೆ 6 ಗಂಟೆ ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ, ಆದರೆ ದಟ್ಟ ಕಾಡಿನೊಳಗೆ 5 ಗಂಟೆಗೇ ಬೆಳಕು ಮಂಕಾಗುತ್ತದೆ. ಕಾಲು ಉಳುಕಿದ ಒಬ್ಬರನ್ನು ನಿಧಾನವಾಗಿ ಕರೆತರಬೇಕಾಗಿ ಬಂದರೆ ಇಳಿಯುವ ಹೊತ್ತು ದುಪ್ಪಟ್ಟಾಗಬಹುದು. ಹಾಗಿದ್ದರೂ ಪೂರ್ತಿ ಕತ್ತಲಾಗುವ ಮುನ್ನ ಕೆಳಗಿರಬೇಕೆಂದರೆ ಮಧ್ಯಾಹ್ನ 12.30ರ ನಂತರ ಒಂದು ಹೆಜ್ಜೆಯನ್ನೂ ಮೇಲಕ್ಕೆ ಇಡುವಂತಿಲ್ಲ. ಇದೇ ಮರಳುವ ಗಡುವು: ಗುಂಪು ಆ ಗಳಿಗೆಯಲ್ಲಿ ಎಲ್ಲೇ ಇರಲಿ, ತುದಿ ಕಣ್ಣೆದುರೇ ಇರಲಿ, ಹಿಂದಿರುಗಲೇಬೇಕಾದ ಹೊತ್ತು. ಇದನ್ನು ಹಿಂದಿನ ರಾತ್ರಿಯೇ ಎಲ್ಲರೂ ಸೇರಿ ಒಪ್ಪಿಕೊಂಡಿರಬೇಕು. ಬೆಟ್ಟದ ಮೇಲೆ ನಿಂತು ಚರ್ಚೆಗಿಳಿದರೆ ಯಾವಾಗಲೂ ‘ಇನ್ನೊಂದು ಹತ್ತು ನಿಮಿಷ’ ಎನ್ನುವವರ ಮಾತೇ ಗೆಲ್ಲುತ್ತದೆ.

ಹಾಗೆಂದು ಬೆಳಗಿನ ಜಾವದ ಕತ್ತಲಲ್ಲಿ ಹೊರಡುವುದೂ ಸರಿಯಲ್ಲ. ಕೊಡಗಿನ ಕಾಫಿ ತೋಟಗಳ ರಸ್ತೆಗಳಲ್ಲಿ ಆನೆಗಳ ಓಡಾಟ ಇರುವುದೇ ಆ ಹೊತ್ತಿನಲ್ಲಿ. ಬೆಳಕು ಸ್ಪಷ್ಟವಾದ ಮೇಲೆ, 7 ಗಂಟೆಗೆ ನಡಿಗೆ ಶುರುಮಾಡುವುದು ಹಿತ.

4. ತಲುಪುವುದು ಮತ್ತು ತಂಗುವುದು

ಬೆಂಗಳೂರಿನಿಂದ ಶುಕ್ರವಾರ ರಾತ್ರಿಯ ಬಸ್ಸಿನಲ್ಲಿ ಮಡಿಕೇರಿ ಅಥವಾ ವಿರಾಜಪೇಟೆಗೆ ಬಂದು, ಅಲ್ಲಿಂದ ಕಕ್ಕಬ್ಬೆಗೆ ಹೋಗಿ ಅದೇ ಬೆಳಿಗ್ಗೆ ಹತ್ತುವ ರೂಢಿ ಇದೆ. ನಿದ್ದೆಗೆಟ್ಟ ದೇಹಕ್ಕೆ ಇದು ಒಳ್ಳೆಯದಲ್ಲ. ಸಾಧ್ಯವಿದ್ದರೆ ಹಿಂದಿನ ದಿನವೇ ಬಂದು ಕಕ್ಕಬ್ಬೆಯ ಸುತ್ತಲಿನ ಯಾವುದಾದರೂ ಹೋಂಸ್ಟೇಯಲ್ಲಿ ತಂಗಿ. ಸಂಜೆ ಹೊತ್ತಿದ್ದರೆ 1792ರ ಹೊತ್ತಿಗೆ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆಯನ್ನು ನೋಡಿಕೊಂಡು ಬರಬಹುದು; ಮರುದಿನ ದಣಿದು ಇಳಿದು ಬಂದಾಗ ಅದರ ಕಂಬಗಳ ಕೆತ್ತನೆಯನ್ನಾಗಲಿ ಗೋಡೆಯ ಚಿತ್ರಗಳನ್ನಾಗಲಿ ನೋಡುವ ಮನಸ್ಸು ಉಳಿದಿರುವುದಿಲ್ಲ. ಸ್ವಂತ ವಾಹನದಲ್ಲಿ ಬರುವವರು ಚಾರಣ ಮುಗಿದ ಸಂಜೆಯೇ ರಾತ್ರಿಯಿಡೀ ವಾಹನ ಓಡಿಸಿ ಊರು ಸೇರುವ ಯೋಚನೆ ಮಾಡಬಾರದು. ಇಂತಹ ಪ್ರವಾಸಗಳಲ್ಲಿ ನಾನು ಅತಿ ಹೆಚ್ಚು ಹೆದರುವುದು ಆ ರಸ್ತೆಗೇ.

ಹೋಂಸ್ಟೇಯವರಿಗೂ ಮನೆಯಲ್ಲಿ ಒಬ್ಬರಿಗೂ ಮೂರು ವಿಷಯ ಹೇಳಿರಿ: ಯಾವ ಹಾದಿ, ಎಷ್ಟು ಜನ, ಎಷ್ಟು ಹೊತ್ತಿನೊಳಗೆ ಕರೆ ಬರದಿದ್ದರೆ ಹುಡುಕಲು ಹೇಳಬೇಕು.

5. ಚೀಲದಲ್ಲಿ ಇರಬೇಕಾದ್ದು

ಎಲ್ಲಕ್ಕಿಂತ ಮುಖ್ಯವಾದದ್ದು ಶೂ. ಅಡಿಯಲ್ಲಿ ಆಳವಾದ ಹಲ್ಲುಗಳಿದ್ದು ಒದ್ದೆ ಕಲ್ಲನ್ನು ಹಿಡಿದು ನಿಲ್ಲುವ ಶೂ ಬೇಕು. ಹೊಸ ಶೂಗಳನ್ನು ಚಾರಣದ ದಿನವೇ ಮೊದಲ ಬಾರಿ ಹಾಕಿಕೊಂಡರೆ ಹಿಮ್ಮಡಿಯಲ್ಲಿ ಬೊಬ್ಬೆ ಏಳುವುದು ಖಂಡಿತ. ಎರಡು ವಾರ ಮೊದಲೇ ಹಾಕಿ ನಡೆದು ಹದಮಾಡಿಕೊಳ್ಳಿ. ಕಾಲಿನ ಉಗುರುಗಳನ್ನು ಹಿಂದಿನ ದಿನ ಕತ್ತರಿಸಿಕೊಳ್ಳಿ, ಇಲ್ಲದಿದ್ದರೆ ಇಳಿಯುವಾಗ ಬೆರಳುಗಳು ಶೂವಿನ ಮೂತಿಗೆ ಗುದ್ದಿ ಉಗುರಿನಡಿ ರಕ್ತ ಕಟ್ಟುತ್ತದೆ. ಜೀನ್ಸ್ ಬೇಡ. ಒದ್ದೆಯಾದರೆ ಭಾರವಾಗುತ್ತದೆ, ಬೇಗ ಒಣಗುವುದಿಲ್ಲ, ತೊಡೆ ಉಜ್ಜುತ್ತದೆ. ಬೇಗ ಒಣಗುವ ಬಟ್ಟೆಯ ಉದ್ದ ಪ್ಯಾಂಟು, ತುಂಬುತೋಳಿನ ಅಂಗಿ ಸಾಕು. ಎತ್ತರ ಪ್ರತಿ ಸಾವಿರ ಮೀಟರ್ ಹೆಚ್ಚಿದಂತೆ ಉಷ್ಣಾಂಶ ಸುಮಾರು 6.5 ಡಿಗ್ರಿ ಇಳಿಯುತ್ತದೆ. ತುದಿಯ ಗಾಳಿಗೆ ಬೆವರು ತಣ್ಣಗಾದಾಗ ನಡುಕ ಬರುವುದರಿಂದ ತೆಳುವಾದ ಒಂದು ಜಾಕೆಟ್ ಚೀಲದಲ್ಲಿರಲಿ.

ನೀರು ತಲೆಗೆ 3 ಲೀಟರ್. ಹಾದಿಯಲ್ಲಿ ಹಳ್ಳ ಸಿಕ್ಕರೂ ಅದನ್ನೇ ನೆಚ್ಚಿಕೊಳ್ಳಬೇಡಿ. ಹಳ್ಳದ ನೀರು ಕುಡಿಯಲೇಬೇಕಾದರೆ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಜೊತೆಗೆ ಓಆರ್‌ಎಸ್ ಪೊಟ್ಟಣಗಳು, ಅಂದರೆ ಬೆವರಿನಲ್ಲಿ ಹೋದ ಲವಣವನ್ನು ಮರಳಿ ತುಂಬುವ ಪುಡಿ, ತಲೆಗೆ ಎರಡಿರಲಿ. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಬೆರೆಸಬೇಕು. ಕಡಿಮೆ ನೀರಿಗೆ ಬೆರೆಸಿ ಗಟ್ಟಿಮಾಡಿ ಕುಡಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಊಟಕ್ಕೆ ಚಪಾತಿ ಮತ್ತು ಚಟ್ನಿಪುಡಿ, ಪುಳಿಯೋಗರೆ, ಒಗ್ಗರಣೆ ಅವಲಕ್ಕಿಯಂತಹ ಬೇಗ ಹಳಸದ ತಿಂಡಿಗಳು ಒಳ್ಳೆಯವು. ಮೊಸರನ್ನ ಬೇಡ, ಬಿಸಿಲಿಗೆ ಹುಳಿಬರುತ್ತದೆ. ನಡುನಡುವೆ ಬಾಯಿಗೆ ಹಾಕಿಕೊಳ್ಳಲು ಕಡಲೆಕಾಯಿ ಚಿಕ್ಕಿ, ಖರ್ಜೂರ ಇರಲಿ.

ಹಗಲಿನ ಚಾರಣಕ್ಕೆ ಟಾರ್ಚ್ ಯಾಕೆಂದು ಕೇಳುವವರಿದ್ದಾರೆ. ಮೇಲೆ ಹೇಳಿದ ಗಡುವು ಎಷ್ಟೇ ಬಿಗಿಯಾಗಿದ್ದರೂ, ಪ್ರತಿಯೊಬ್ಬರ ಚೀಲದಲ್ಲಿ ಹಣೆಗೆ ಕಟ್ಟಿಕೊಳ್ಳುವ ಹೆಡ್‌ಟಾರ್ಚ್ ಇರಲೇಬೇಕು. ಮೊಬೈಲಿನ ಬೆಳಕು ಇದಕ್ಕೆ ಬದಲಿಯಲ್ಲ, ಅದು ಒಂದು ಕೈಯನ್ನೂ ಕರೆ ಮಾಡಲು ಬೇಕಾದ ಬ್ಯಾಟರಿಯನ್ನೂ ನುಂಗುತ್ತದೆ. ಇದರ ಜೊತೆ ಸೀಟಿ, ಮಳೆಯಂಗಿ, ಅಗಲವಾದ ಕ್ರೇಪ್ ಬ್ಯಾಂಡೇಜ್, ನಿಮ್ಮ ನಿತ್ಯದ ಔಷಧಿಗಳು, ಕಸ ತುಂಬಿ ಕೆಳಗೆ ತರಲು ಒಂದು ಖಾಲಿ ಚೀಲ. ಚೆಕ್‌ಪೋಸ್ಟ್‌ನಲ್ಲಿ ಪ್ಲಾಸ್ಟಿಕ್ ತಪಾಸಣೆ ಮಾಡುವ ಕಡೆ, ಬಿಸ್ಕತ್ತಿನ ಹೊದಿಕೆಗಳನ್ನು ಮೊದಲೇ ತೆಗೆದು ಡಬ್ಬಿಗೆ ಹಾಕಿಕೊಂಡು ಬಂದರೆ ಎಲ್ಲರಿಗೂ ಸಲೀಸು.

6. ಇಂಬಳ ಮತ್ತು ಉಣುಗು

ಇಂಬಳಕ್ಕೆ ಹೆದರುವವರು ಬಹಳ, ಉಣುಗಿಗೆ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣಿಗೆ, ಹೆದರುವವರು ಕಡಿಮೆ. ವಾಸ್ತವದಲ್ಲಿ ಹೆದರಬೇಕಾದ್ದು ಎರಡನೆಯದಕ್ಕೆ.

ಇಂಬಳ ಒದ್ದೆ ನೆಲದ ಜೀವಿ. ಮಳೆಗಾಲದಲ್ಲೂ ಅದು ಮುಗಿದ ಮೊದಲ ವಾರಗಳಲ್ಲೂ ತರಗೆಲೆಯ ಮೇಲೆ ತಲೆಯೆತ್ತಿ ನಿಂತು, ದಾರಿಹೋಕರ ಶೂ ತಾಕಿದೊಡನೆ ಹತ್ತಿಕೊಳ್ಳುತ್ತದೆ. ಕಚ್ಚಿದಾಗ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುವನ್ನು ಗಾಯಕ್ಕೆ ಬಿಡುವುದರಿಂದ ಅದು ಬಿದ್ದುಹೋದ ಮೇಲೂ ಬಹಳ ಹೊತ್ತು ರಕ್ತ ಒಸರುತ್ತದೆ. ನೋಡಲು ಭಯವಾದರೂ ಅಪಾಯವಿಲ್ಲ. ಹಿಡಿದು ಎಳೆಯಬೇಡಿ, ಉಗುರನ್ನು ಚರ್ಮಕ್ಕೆ ಆನಿಸಿ ಅದರ ಸಣ್ಣ ತುದಿಯ ಕೆಳಗೆ ಪಕ್ಕಕ್ಕೆ ಸರಿಸಿದರೆ ಹಿಡಿತ ಬಿಡುತ್ತದೆ. ಮಲೆನಾಡಿನವರು ಕಾಲಿಗೆ ಕೊಬ್ಬರಿ ಎಣ್ಣೆಯಲ್ಲಿ ಹೊಗೆಸೊಪ್ಪು ಅಥವಾ ಸುಣ್ಣ ಕಲಸಿ ಹಚ್ಚಿಕೊಳ್ಳುತ್ತಾರೆ. ಪ್ಯಾಂಟನ್ನು ಒಳಗೆ ಸೇರಿಸಿ ಮಂಡಿಯವರೆಗೆ ಎಳೆದುಕೊಳ್ಳುವ ನಿಬಿಡ ನೇಯ್ಗೆಯ ಇಂಬಳದ ಕಾಲುಚೀಲ ಇನ್ನೂ ಉತ್ತಮ.

ಉಣುಗು ಒಣ ತಿಂಗಳುಗಳ ಕಾಟ. ಮಂಗನ ಕಾಯಿಲೆ ಎಂದು ನಾವು ಕರೆಯುವ ಕ್ಯಾಸನೂರು ಕಾಡಿನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ. ಅದನ್ನು ಮನುಷ್ಯರಿಗೆ ಹರಡುವುದು ಈ ಉಣುಗುಗಳೇ. ಡಿಸೆಂಬರ್‌ನಿಂದ ಮೇವರೆಗೆ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ಕಾಡಿಗೆ, ಉದಾಹರಣೆಗೆ ಕೊಡಚಾದ್ರಿಗೆ, ಹೋಗುವವರು ಅಲ್ಲಿನ ಆರೋಗ್ಯ ಇಲಾಖೆಯ ಎಚ್ಚರಿಕೆಗಳನ್ನು ಮೊದಲೇ ವಿಚಾರಿಸಬೇಕು. ಮೈಗೆ ಡೆಪಾ ಎಣ್ಣೆಯಂತಹ ಕೀಟ ನಿವಾರಕ ಹಚ್ಚಿಕೊಳ್ಳಿ, ತರಗೆಲೆಯ ಮೇಲೆ ಬರಿದೇ ಕೂರಬೇಡಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಿ.

7. ಹಾದಿಯಲ್ಲಿ

ಹಿಂದಿನ ದಿನವೇ ಮೊಬೈಲಿನಲ್ಲಿ ಆ ಪ್ರದೇಶದ ನಕ್ಷೆಯನ್ನು ಇಳಿಸಿಕೊಂಡಿರಿ. ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ನೀವಿರುವ ಜಾಗವನ್ನು ತೋರಿಸುತ್ತದೆ. ಫ್ಲೈಟ್ ಮೋಡ್‌ನಲ್ಲಿಟ್ಟರೆ ಬ್ಯಾಟರಿಯೂ ಉಳಿಯುತ್ತದೆ. ನಕ್ಷೆಯ ಮೇಲೆ ಸಮಾನ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳಿಗೆ ಸಮೋನ್ನತಿ ರೇಖೆ ಎನ್ನುತ್ತಾರೆ. ಈ ಗೆರೆಗಳು ಒತ್ತೊತ್ತಾಗಿ ಇರುವ ಕಡೆ ಏರು ಕಡಿದು, ದೂರದೂರವಾಗಿರುವ ಕಡೆ ನೆಲ ಸಪಾಟು. ಇಷ್ಟು ತಿಳಿದರೆ ಎಲ್ಲಿ ದಣಿವಾಗುತ್ತದೆ ಎಂಬುದು ಹೊರಡುವ ಮೊದಲೇ ಗೊತ್ತಾಗುತ್ತದೆ.

ಗುಂಪಿನಲ್ಲಿ ಅತಿ ನಿಧಾನವಾಗಿ ನಡೆಯುವವರನ್ನು ಮುಂದಿನಿಂದ ಎರಡನೆಯವರಾಗಿ ನಡೆಸಿ, ಅನುಭವವಿರುವ ಒಬ್ಬರು ಕೊನೆಯಲ್ಲಿರಲಿ. ದಾರಿ ಕವಲೊಡೆಯುವಲ್ಲೆಲ್ಲ ಎಲ್ಲರೂ ಬಂದು ಸೇರುವವರೆಗೆ ನಿಂತು ತಲೆ ಎಣಿಸಿ. ಮಾತನಾಡುತ್ತ ನಡೆಯುವ ವೇಗವೇ ಸರಿಯಾದ ವೇಗ. ಒಂದು ವಾಕ್ಯ ಪೂರ್ತಿ ಮಾಡಲು ಉಸಿರು ಸಾಲದಿದ್ದರೆ ನೀವು ಓಡುತ್ತಿದ್ದೀರಿ ಎಂದರ್ಥ.

ಕಾಡಿನೊಳಗೆ ದಾರಿ ಸಾಮಾನ್ಯವಾಗಿ ಒಂದೇ ಇರುತ್ತದೆ. ದಾರಿ ತಪ್ಪುವುದು ಹುಲ್ಲುಗಾವಲಿನಲ್ಲಿ, ದನಗಳೂ ಕಾಟಿಗಳೂ (ಕಾಡುಕೋಣಗಳು) ತುಳಿದು ಮಾಡಿದ ಜಾಡುಗಳು ಹಾದಿಯಂತೆಯೇ ಕಾಣುವ ಕಡೆ. ಮೇಲಕ್ಕೆ ಹೋಗುವಾಗ ಆಗಾಗ ಹಿಂದಿರುಗಿ ನೋಡಿ, ಹುಲ್ಲಿನಿಂದ ಮತ್ತೆ ಕಾಡಿಗೆ ಇಳಿಯುವ ಬಾಯಿಯ ಫೋಟೋ ತೆಗೆದುಕೊಳ್ಳಿ, ಏಕೆಂದರೆ ಮಂಜು ಕವಿದಾಗ ಹುಡುಕಬೇಕಾದ್ದು ಅದನ್ನೇ. ತಡಿಯಂಡಮೋಳಿನ ತುದಿಗೆ ಸ್ವಲ್ಪ ಮೊದಲು ಶೋಲಾ ಕಾಡಿನ ತುಂಡೊಂದು ಸಿಗುತ್ತದೆ. ಬೆಟ್ಟದ ಮಡಿಕೆಗಳಲ್ಲಿ ಮಾತ್ರ ಬೆಳೆಯುವ, ಗಿಡ್ಡ ಮರಗಳ, ಸದಾ ತೇವವಿರುವ ಕಾಡಿಗೆ ಶೋಲಾ ಎನ್ನುತ್ತಾರೆ. ಅಲ್ಲಿ ಏರು ಬಹಳ ಕಡಿದು. ಬಾಗಿಕೊಂಡು, ಪಾಚಿಗಟ್ಟಿದ ಬೇರುಗಳ ಮೇಲೆ ಕಾಲಿಟ್ಟು ಹತ್ತಬೇಕಾಗುತ್ತದೆ. ಬೇರಿನ ಮೇಲೆ ಪಾದವನ್ನು ಅಡ್ಡವಾಗಿ ಊರಿ, ಕೈಯಾಸರೆಗೆ ಮರ ಹಿಡಿಯುವ ಮುನ್ನ ಅಲ್ಲೇನಿದೆ ಎಂದು ನೋಡಿ. ಮಲಬಾರ್ ಗುಳಿಮಂಡಲದಂತಹ ಹಾವುಗಳು ಗಿಡದ ಕೊಂಬೆಯ ಬಣ್ಣದಲ್ಲೇ ಬೆರೆತು ಅಲುಗದೆ ಮಲಗಿರುತ್ತವೆ.

ದಾರಿ ತಪ್ಪಿದೆ ಎನ್ನಿಸಿದ ಕೂಡಲೇ ನಿಲ್ಲಿ. ಖಚಿತವಾಗಿ ಗೊತ್ತಿದ್ದ ಕೊನೆಯ ಜಾಗಕ್ಕೆ ಬಂದ ಹೆಜ್ಜೆಯಲ್ಲೇ ಮರಳಿ. ಹಳ್ಳದ ಜೊತೆ ಇಳಿದರೆ ಊರು ಸಿಗುತ್ತದೆ ಎಂಬ ಮಾತನ್ನು ಘಟ್ಟದಲ್ಲಿ ನಂಬಬಾರದು, ಇಲ್ಲಿನ ಹಳ್ಳಗಳು ಬಂಡೆಯ ಅಂಚಿಗೋ ಜಲಪಾತಕ್ಕೋ ಒಯ್ಯುತ್ತವೆ. ಕಾಟಿ ಎದುರಾದರೆ ಓಡದೆ, ಕೂಗದೆ, ಅದಕ್ಕೆ ಹೋಗಲು ಜಾಗ ಬಿಟ್ಟು ಹಿಂದೆ ಸರಿಯಿರಿ. ಆನೆಯ ಹಸಿ ಲದ್ದಿ ಕಂಡರೆ ಅಂದಿನ ಚಾರಣ ಅಲ್ಲಿಗೇ ಮುಗಿಯಿತೆಂದು ತಿಳಿಯಿರಿ. ಗುಡುಗು ಕೇಳಿಸಿದರೆ ತುದಿಯನ್ನೂ ಬೋಳು ಏಣನ್ನೂ ಬಿಟ್ಟು ತಕ್ಷಣ ಇಳಿಯಬೇಕು. ಒಂಟಿ ಮರದ ಕೆಳಗೆ ನಿಲ್ಲಬಾರದು.

ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಉಂಗುರ, ಗಡಿಯಾರ ತೆಗೆದು, ಕಚ್ಚಿದ ಕೈ ಅಥವಾ ಕಾಲು ಅಲುಗದಂತೆ ಕೋಲಿಗೆ ಸಡಿಲವಾಗಿ ಕಟ್ಟಿ, ಅವರನ್ನು ನಡೆಸದೆ ಹೊತ್ತುಕೊಂಡು ಇಳಿಸಿ. ಆಂಬುಲೆನ್ಸ್‌ಗೆ 108, ತುರ್ತು ನೆರವಿಗೆ 112, ಅರಣ್ಯ ಇಲಾಖೆಯ ಸಹಾಯವಾಣಿ 1926. ನೆಟ್‌ವರ್ಕ್ ಸಿಗದಿದ್ದರೆ ಇಬ್ಬರು ಒಟ್ಟಾಗಿ ಕೆಳಗೆ ಹೋಗಿ ತಿಳಿಸಬೇಕು, ಒಬ್ಬರನ್ನೇ ಕಳಿಸಬಾರದು.

8. ಇಳಿಯುವುದು ಮತ್ತು ಆಮೇಲೆ

ಇಳಿಯಲು ಶುರುಮಾಡುವ ಮುನ್ನ ಶೂ ಬಿಚ್ಚಿ, ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ, ಲೇಸನ್ನು ಕಣಕಾಲಿನ ಬಳಿ ಬಿಗಿಯಾಗಿ ಮತ್ತೆ ಕಟ್ಟಿ. ಹೆಜ್ಜೆ ಸಣ್ಣದಿರಲಿ, ಮಂಡಿ ತುಸು ಬಾಗಿರಲಿ. ಕೈಯಲ್ಲಿ ಕೋಲು ಇದ್ದರೆ ಮಂಡಿಯ ಮೇಲಿನ ಭಾರ ಎಷ್ಟೋ ಕಡಿಮೆಯಾಗುತ್ತದೆ. ಹಸಿ ಮರ ಕಡಿದು ಕೋಲು ಮಾಡಿಕೊಳ್ಳಬೇಡಿ, ಊರಿನಿಂದಲೇ ತನ್ನಿ. ಮುಕ್ಕಾಲು ಭಾಗ ಇಳಿದ ಮೇಲೆ, ಇನ್ನೇನು ಮುಗಿಯಿತು ಎಂದು ಮಾತಿಗಿಳಿದಾಗಲೇ ಕಾಲು ಉಳುಕುವುದು ಹೆಚ್ಚು. ಅಲ್ಲೊಮ್ಮೆ ಐದು ನಿಮಿಷ ಕುಳಿತು ಏನಾದರೂ ತಿಂದು ಮುಂದುವರಿಯಿರಿ.

ಚೆಕ್‌ಪೋಸ್ಟ್‌ನಲ್ಲಿ ಎಲ್ಲರೂ ಮರಳಿದ್ದೇವೆಂದು ದಾಖಲಿಸಿ, ಮನೆಯವರಿಗೆ ಕರೆ ಮಾಡಿ. ಅಂದೇ ಸಂಜೆ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ, ಬಟ್ಟೆಗಳನ್ನೂ ಬಿಸಿನೀರಿಗೆ ಹಾಕಿ. ಕಂಕುಳು, ಸೊಂಟದ ಪಟ್ಟಿಯ ಜಾಗ, ಮಂಡಿಯ ಹಿಂಭಾಗ, ಕಿವಿಯ ಹಿಂದೆ ಉಣುಗು ಕಚ್ಚಿಕೊಂಡಿದೆಯೇ ಎಂದು ನೋಡಿಕೊಳ್ಳಿ. ಇದ್ದರೆ ಚಿಮಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು ನೇರವಾಗಿ ಎತ್ತಿ ತೆಗೆದು, ಕೈಯನ್ನೂ ಆ ಜಾಗವನ್ನೂ ಸೋಪಿನಿಂದ ತೊಳೆಯಿರಿ. ಮುಂದಿನ ಎರಡು ವಾರಗಳಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಕಾಣಿಸಿಕೊಂಡರೆ ಮನೆಯಲ್ಲೇ ಮಾತ್ರೆ ನುಂಗಿ ಕಾಯದೆ ವೈದ್ಯರ ಬಳಿ ಹೋಗಿ, ಯಾವ ದಿನ ಯಾವ ಕಾಡಿನಲ್ಲಿ ನಡೆದಿರಿ ಎಂಬುದನ್ನು ಅವರು ಕೇಳದಿದ್ದರೂ ನೀವಾಗಿಯೇ ಹೇಳಿ.